ಓರಯನ್ ಪ್ರೊಸೆಸರೂ ಕಂಪೈಲರಿನ ಪಟ್ಟಿಯೂ

ಗಣಕಯಂತ್ರವೊಂದರ ಚರಿತ್ರೆಯನ್ನು ಬರೆಯುವವರು ಅದು ಮಾರಾಟಕ್ಕೆ ಬಂದ ದಿನದಿಂದ ಆರಂಭಿಸುವುದು ವಾಡಿಕೆ. ಆದರೆ ಕಂಪೈಲರು ಅದರ ಹೆಸರನ್ನು ಅರಿತ ದಿನವೂ ಗಮನಾರ್ಹವಾದುದು. ಆ ಅರಿವಿನ ಸ್ವರೂಪವೇನೆಂಬುದನ್ನು ಕ್ವಾಲ್‌ಕಾಮ್ ಸಂಸ್ಥೆಯ ಓರಯನ್ ಪ್ರೊಸೆಸರಿನ ನಿದರ್ಶನದಿಂದ ಇಲ್ಲಿ ಪರಿಶೀಲಿಸುತ್ತೇವೆ.

ಓರಯನ್ನಿನ ಮೂಲವಿರುವುದು 2019ರಲ್ಲಿ ಸ್ಥಾಪಿತವಾದ ನೂವಿಯಾ ಸಂಸ್ಥೆಯಲ್ಲಿ. ಅದನ್ನು ಕ್ವಾಲ್‌ಕಾಮ್ 2021ರಲ್ಲಿ ಕೊಂಡಿತು. ಈ ಬಗೆಯ 12 ಕೋರುಗಳುಳ್ಳ ಸ್ನಾಪ್‌ಡ್ರಾಗನ್ ಎಕ್ಸ್ ಎಲೀಟ್ 2023ರ ಅಕ್ಟೋಬರಿನಲ್ಲಿ ಪ್ರಕಟವಾಗಿ, ಅದನ್ನುಳ್ಳ ಲ್ಯಾಪ್‌ಟಾಪುಗಳು 2024ರ ಜೂನ್ 18ರಂದು ಮಾರುಕಟ್ಟೆಗೆ ಬಂದುವು. ಜಿಸಿಸಿ ಕಂಪೈಲರಿನಲ್ಲಿ ‘ಓರಯನ್-1’ ಎಂಬ ಹೆಸರು ಸೇರಿದುದು ಅದೇ ವರ್ಷದ ಮೇ ತಿಂಗಳಲ್ಲಿ. ಎಂದರೆ, ಇಲ್ಲಿ ಹೆಸರು ಯಂತ್ರಕ್ಕಿಂತ ಮುಂಚೆಯೇ ಬಂದಿತು.

ಆರ್ಮ್ ವರ್ಗದ ಯಂತ್ರಗಳಿಗೆ ಜಿಸಿಸಿಯಲ್ಲಿ ಮುಖ್ಯವಾಗಿ ಮೂರು ಫ್ಲ್ಯಾಗುಗಳುಂಟು. ‘ಎಂ-ಆರ್ಚ್’ ಎಂಬುದು ಯಾವ ಆದೇಶಗಳನ್ನು ಬಳಸಬಹುದೆಂಬುದನ್ನು ವಿಧಿಸುತ್ತದೆ. ‘ಎಂ-ಟ್ಯೂನ್’ ಎಂಬುದು ಅವನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ವೇಗ ಹೆಚ್ಚೆಂಬುದನ್ನು ತಿಳಿಸುತ್ತದೆ. ‘ಎಂ-ಸಿಪಿಯು’ ಎಂಬುದು ಇವೆರಡನ್ನೂ ಒಟ್ಟಿಗೆ ಮಾಡುತ್ತದೆ. ಅನುಮತಿ, ಹೊಂದಾಣಿಕೆ ಎಂಬ ಈ ಭೇದವನ್ನು ಮರೆಯತಕ್ಕದ್ದಲ್ಲ.

ಜಿಸಿಸಿಯ ಕೋರುಗಳ ಪಟ್ಟಿಯಲ್ಲಿ ಓರಯನ್ನಿಗೆ ದೊರೆತುದು ಒಂದೇ ಸಾಲು. ಆರ್ಮ್ 8.6ರ ಆದೇಶಸಮೂಹ, ಗೂಢಲಿಪಿಯ ಆದೇಶಗಳು, ತಯಾರಕರ ಸಂಖ್ಯೆ 81, ಇವು ಅಲ್ಲಿ ನಮೂದಾಗಿವೆ. ಆಸ್ಕಿ ಸಂಕೇತದಲ್ಲಿ 81 ಎಂಬುದು ‘ಕ್ಯೂ’ ಅಕ್ಷರ. ಪ್ರೊಸೆಸರಿನೊಳಗೇ ಅಚ್ಚಾಗಿರುವ ಈ ಸಂಖ್ಯೆಯಿಂದ ಕಂಪೈಲರು ತಾನು ಯಾವ ಯಂತ್ರದ ಮೇಲಿದ್ದೇನೆಂದು ಗುರುತಿಸಬಲ್ಲುದು. ಅನುಮತಿಯ ಭಾಗ ಹೀಗೆ ಯಥಾರ್ಥವಾಗಿದೆ. ಹೊಂದಾಣಿಕೆಯ ಭಾಗವಾದರೋ ಎರವಲು: ಆದೇಶಗಳ ಕ್ರಮವನ್ನು ನಿರ್ಣಯಿಸುವ ಮಾದರಿ 2012ರಲ್ಲಿ ಪ್ರಕಟವಾದ ಕಾರ್ಟೆಕ್ಸ್-ಎ57ರದು; ವೆಚ್ಚದ ಲೆಕ್ಕ 2015ರ ಕಾರ್ಟೆಕ್ಸ್-ಎ72ರದು. ಇದಕ್ಕೆ ವ್ಯತಿರಿಕ್ತವಾಗಿ, 2024ರ ಸೆಪ್ಟೆಂಬರಿನಲ್ಲಿ ಹೊರಬಂದ ಎಲ್‌ಎಲ್‌ವಿಎಂನ 19ನೆಯ ಆವೃತ್ತಿಯಲ್ಲಿ ಓರಯನ್ನಿಗೆ ಸ್ವಂತ ಮಾದರಿಯೇ ಇದ್ದಿತು.

ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಶಾಸನದಲ್ಲಿ ಬಿರುದು ಕಂಡೊಡನೆ ಅರಸನ ರಾಜ್ಯದ ಮೇರೆಯನ್ನು ನಿರ್ಣಯಿಸಲಾಗದಂತೆ, ಪಟ್ಟಿಯಲ್ಲಿ ಹೆಸರು ಕಂಡೊಡನೆ ಕಂಪೈಲರು ಆ ಯಂತ್ರವನ್ನು ಬಲ್ಲುದೆಂದು ಹೇಳಲಾಗದು. ಒಂದೇ ಹೆಸರಿನ ಫ್ಲ್ಯಾಗಿನಿಂದ ಎರಡು ಕಂಪೈಲರುಗಳು ಬೇರೆ ಬೇರೆ ವೇಗವನ್ನು ಕೊಟ್ಟರೆ, ಅದರ ಗುಣದೋಷಗಳನ್ನು ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ. ಎರಡನೆಯದಾಗಿ, ಹೊಸ ಫ್ಲ್ಯಾಗಿನ ಅನುಮತಿಯಿಂದ ಸಿದ್ಧವಾದ ಪ್ರೋಗ್ರಾಮು ಹಳೆಯ ಯಂತ್ರದಲ್ಲಿ ಅಪರಿಚಿತ ಆದೇಶವನ್ನು ಎದುರಿಸಿ ನಿಂತುಹೋಗಬಹುದು. ಡೆಬಿಯನ್ನಿನಂಥ ಸಾರ್ವತ್ರಿಕ ವಿತರಣೆಗಳು ಮೂಲ ಆರ್ಮ್ 8ರ ಮಟ್ಟವನ್ನೇ ಹಿಡಿದಿರುವುದಕ್ಕೆ ಕಾರಣ ಇದೇ. ಹೀಗಿರಲು, ಒಂದು ಪ್ರೊಸೆಸರಿಗೆ ಕಂಪೈಲರಿನ ಬೆಂಬಲ ದೊರೆಯಿತೆಂಬ ಹೇಳಿಕೆಯನ್ನು ಕಂಡಾಗ, ದೊರೆತುದು ಹೆಸರೋ, ಅನುಮತಿಯೋ, ಹೊಂದಾಣಿಕೆಯೋ ಎಂದು ಬಿಡಿಸಿ ನೋಡುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.