ಮಿಲ್ಲರ್ ಸಮಿತಿ ಮತ್ತು ವಿದ್ಯೆಯಲ್ಲಿ ಸಮಾನಾವಕಾಶ

ಮೈಸೂರು ಸಂಸ್ಥಾನದ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು 1913ರ ಪ್ರಾಥಮಿಕ ಶಿಕ್ಷಣ ಶಾಸನವನ್ನೂ 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವನ್ನೂ ಹೆಮ್ಮೆಯಿಂದ ನೆನೆಯುತ್ತಾರೆ. ಆ ಹೆಮ್ಮೆ ಸಕಾರಣವಾದುದೇ. ಆದರೆ ಶಾಲೆಯಿರುವುದು ಬೇರೆ, ಅದರ ಬಾಗಿಲು ಎಲ್ಲರಿಗೂ ತೆರೆದಿರುವುದು ಬೇರೆ. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಪಂಚಮ ಶಾಲೆಗಳೆಂಬ ಪ್ರತ್ಯೇಕ ವ್ಯವಸ್ಥೆಯಿತ್ತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಸರ್ಕಾರವು ಸಾರ್ವಜನಿಕ ಶಾಲೆಗಳಿಗೆ ಅವರನ್ನೂ ಸೇರಿಸಿಕೊಳ್ಳಲು ಮುಂದಾದಾಗ ಮೇಲ್ಜಾತಿಗಳವರಿಂದ ವಿರೋಧವೂ ಬಂದಿತು.

ಉನ್ನತ ಶಿಕ್ಷಣದಲ್ಲಿ ಅನ್ಯಾಯ ಇನ್ನೊಂದು ಬಗೆಯದು. ಇಂಗ್ಲಿಷ್ ಕಲಿತವನಿಗೆ ಉದ್ಯೋಗ. ಉದ್ಯೋಗಸ್ಥನ ಮಗನಿಗೆ ಪಟ್ಟಣದ ವಾಸ, ಮತ್ತೆ ಇಂಗ್ಲಿಷ್ ವಿದ್ಯೆ. ಈ ಚಕ್ರದ ಹೊರಗುಳಿದವರಲ್ಲಿ ಒಕ್ಕಲಿಗರು, ವೀರಶೈವರು, ಮುಸಲ್ಮಾನರು ಮೊದಲಾದವರಿದ್ದರು. 1917ರಲ್ಲಿ ಪ್ರಜಾಮಿತ್ರ ಮಂಡಲಿ ರೂಪುಗೊಂಡು ಅವರ ಅಹವಾಲು ಅರಮನೆಯನ್ನು ಮುಟ್ಟಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದನ್ನೇ ಒಪ್ಪುತ್ತಿದ್ದ ದಿವಾನ್ ವಿಶ್ವೇಶ್ವರಯ್ಯನವರು ಅಧಿಕಾರವನ್ನು ತ್ಯಜಿಸಲು ಈ ಭಿನ್ನಾಭಿಪ್ರಾಯವೂ ಒಂದು ಕಾರಣವಾಯಿತು.

1919ರ ವರದಿಯು, ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಅರ್ಧಭಾಗವೂ ಕೆಳಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗವೂ ಬ್ರಾಹ್ಮಣೇತರರಿಗೆ ಸಲ್ಲಬೇಕೆಂದು ಶಿಫಾರಸು ಮಾಡಿತು. ಪ್ರಸ್ತುತ ವಿಷಯಕ್ಕೆ ಇದಕ್ಕಿಂತ ಮುಖ್ಯವಾದುದು, ಹಿಂದುಳಿದವರ ವಿದ್ಯಾಭ್ಯಾಸಕ್ಕೆ ವಿಶೇಷ ಅನುಕೂಲಗಳು ಬೇಕೆಂಬುದೂ ಸಮಿತಿಯ ವಿಚಾರಣೆಯ ಭಾಗವಾಗಿದ್ದುದು. ಅರ್ಹತೆ ಹುಟ್ಟಿನಿಂದ ಬರುವುದಲ್ಲ, ಅದು ಬೆಳೆಯಲು ಅನ್ನವೂ ಆಶ್ರಯವೂ ಬೇಕೆಂಬ ಸತ್ಯವನ್ನು ಇದು ಒಪ್ಪಿತು.

ಆ ಸತ್ಯವನ್ನು ಕಾರ್ಯರೂಪಕ್ಕಿಳಿಸಿದ್ದು ವಿದ್ಯಾರ್ಥಿನಿಲಯ. 1941ರಲ್ಲಿ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ಆರಂಭಿಸಿದರು, 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠ ಸ್ಥಾಪಿತವಾಯಿತು. ಅದೇ ವರ್ಷ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಬಿಳಿಯರಿಗೂ ಕರಿಯರಿಗೂ ಪ್ರತ್ಯೇಕ ಸಾರ್ವಜನಿಕ ಶಾಲೆಗಳೆಂಬುದೇ ಅಸಮಾನತೆಯೆಂದು ತೀರ್ಪಿತ್ತಿತು. ಪಂಚಮ ಶಾಲೆಗಳನ್ನು ಕಂಡಿದ್ದ ನಮ್ಮ ನಾಡಿಗೆ ಆ ಮಾತು ಅಪರಿಚಿತವಲ್ಲ.

ಎಲ್.ಜಿ. ಹಾವನೂರರ ಆಯೋಗವು 1975ರ ವರದಿಯಲ್ಲಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಾಗ ಸಮಾಜದಲ್ಲಿ ತೀವ್ರ ಅಸಮಾಧಾನ ಉಂಟಾಯಿತು. ಆ ಚರ್ಚೆಯ ಸಾಧಕಬಾಧಕಗಳು ಏನೇ ಇರಲಿ, ಒಂದು ಕಾಲಕ್ಕೆ ಅವಕಾಶವನ್ನು ಬೇಡಿ ಪಡೆದವರಿಗೆ, ತಮ್ಮ ಹಿಂದೆ ಬಾಗಿಲಲ್ಲಿ ನಿಂತವರನ್ನು ಗುರುತಿಸುವ ಹೊಣೆ ಹೆಚ್ಚು. ಮಿಲ್ಲರ್ ವರದಿಯನ್ನು ಇಂದು ಓದಬೇಕಾದುದು ಈ ದೃಷ್ಟಿಯಿಂದಲೇ.