ಅಂಚೆ ಕಡತದಲ್ಲಿ ಹುಟ್ಟಿದ ಊರುಗಳು: ಆರೆಗಾನ್‌ನ ಹಾರ್ನಿ ಕೌಂಟಿಯ ಸ್ಥಳನಾಮಗಳು

ಕನ್ನಡ ನಾಡಿನ ಊರೊಂದರ ಹೆಸರಿನ ಮೂಲ ಹುಡುಕುವವರು ಮೊದಲು ಶಾಸನಗಳ ಬಳಿ ಹೋಗುತ್ತಾರೆ. ದಾನಶಾಸನದ ಎಲ್ಲೆಗುರುತುಗಳಲ್ಲೋ ವೀರಗಲ್ಲಿನ ಸಾಲಿನಲ್ಲೋ ಹೆಸರಿನ ಹಳೆಯ ರೂಪ ಸಿಕ್ಕಿತೆಂದರೆ ಅಲ್ಲಿಂದ ಇಂದಿನ ರೂಪದವರೆಗೆ ದಾರಿ ಕಾಣತೊಡಗುತ್ತದೆ. ಅಮೆರಿಕದ ಪಶ್ಚಿಮದ ಹಳ್ಳಿಗಾಡಿನಲ್ಲಿ ಇಂಥ ಕಲ್ಲುಗಳಿಲ್ಲ. ಅಲ್ಲಿ ಆ ಜಾಗದಲ್ಲಿರುವುದು ಅಂಚೆ ಇಲಾಖೆಯ ಕಡತ. ಯಾವ ಹೆಸರಿನ ಅಂಚೆ ಕಚೇರಿ ಎಂದು ತೆರೆಯಿತು, ಪೋಸ್ಟ್‌ಮಾಸ್ಟರ್ ಯಾರು, ಹೆಸರು ಎಂದು ಬದಲಾಯಿತು, ಕಚೇರಿ ಎಂದು ಮುಚ್ಚಿತು ಎಂಬುದೆಲ್ಲ ಅಲ್ಲಿ ದಾಖಲಾಗಿದೆ. ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆಗಾರದಲ್ಲಿ 1832ರಿಂದ 1971ರವರೆಗಿನ ಪೋಸ್ಟ್‌ಮಾಸ್ಟರ್ ನೇಮಕಾತಿ ಪಟ್ಟಿಗಳೂ 1837ರಿಂದ 1950ರವರೆಗಿನ ಅಂಚೆ ಕಚೇರಿಗಳ ಸ್ಥಳವರದಿಗಳೂ ಇವೆ. ಸ್ಥಳನಾಮದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಭಂಡಾರ ಆ ದೇಶದಲ್ಲಿ ಇನ್ನೊಂದಿಲ್ಲ.

ಆದರೆ ಈ ಕಡತಗಳು ಹೆಸರನ್ನು ಬರೆದಿಟ್ಟುಕೊಂಡು ಸುಮ್ಮನಾಗಲಿಲ್ಲ. ಹೆಸರು ಹೇಗಿರಬೇಕು, ಯಾರ ಹೆಸರು ಉಳಿಯಬೇಕು ಎಂಬುದನ್ನೂ ಬಹುಮಟ್ಟಿಗೆ ಅವೇ ತೀರ್ಮಾನಿಸಿದವು. ಆರೆಗಾನ್ ರಾಜ್ಯದ ಆಗ್ನೇಯ ಭಾಗದ ಹಾರ್ನಿ ಕೌಂಟಿಯನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿವರಿಸಬಯಸುತ್ತೇನೆ.

ಹಾರ್ನಿ ಕೌಂಟಿಯ ವಿಸ್ತಾರ 26,000 ಚದರ ಕಿಲೋಮೀಟರಿಗಿಂತ ಹೆಚ್ಚು, ಅಂದರೆ ನಮ್ಮ ಬೆಳಗಾವಿ ಜಿಲ್ಲೆಯ ಸುಮಾರು ಎರಡರಷ್ಟು. 2020ರ ಜನಗಣತಿಯಲ್ಲಿ ಅಲ್ಲಿದ್ದವರು 7,495 ಮಂದಿ. ಎತ್ತರದ ಮರುಭೂಮಿ, ಕಣ್ಣು ಹಾಯುವಷ್ಟು ದೂರ ಸೇಜ್ ಕುರುಚಲು, ನಡುವೆ ಮ್ಯಾಲ್‌ಹ್ಯೂರ್ ಮತ್ತು ಹಾರ್ನಿ ಎಂಬ ಎರಡು ಸರೋವರಗಳು. ಈ ಸರೋವರಗಳಿಗೆ ಹರಿದ ನೀರು ಕಡಲು ಸೇರುವುದಿಲ್ಲ, ಅಲ್ಲೇ ಇಂಗಿ ಅಲ್ಲೇ ಆವಿಯಾಗುತ್ತದೆ.

ಈ ನೀರಿನ ಸುತ್ತ ಬದುಕಿದ್ದವರು ಉತ್ತರ ಪಾಯೂಟ್ ಜನರ ವಾಡಾಟಿಕಾ ಪಂಗಡದವರು. ಸರೋವರದ ದಂಡೆಯ ಉಪ್ಪುನೆಲದಲ್ಲಿ ಬೆಳೆಯುವ ವಾಡಾ ಎಂಬ ಗಿಡದ ಬೀಜ ಅವರ ಆಹಾರವಾಗಿತ್ತು. ಅದನ್ನು ತಿನ್ನುವವರು ಎಂಬುದೇ ಅವರ ಹೆಸರು. ಪಾಯೂಟ್ ಪಂಗಡಗಳು ಒಂದನ್ನೊಂದು ಹೀಗೆ ಉಣ್ಣುವ ಅನ್ನದಿಂದ ಗುರುತಿಸುತ್ತಿದ್ದವು. ಋತು ಬದಲಾದಂತೆ ಗೆಡ್ಡೆ, ಮೀನು, ಬೀಜ, ಬೇಟೆ ಹುಡುಕಿ ತಾಣದಿಂದ ತಾಣಕ್ಕೆ ಸರಿಯುವ ಬದುಕಿನಲ್ಲಿ ಒಂದು ಜಾಗದ ಹೆಸರು ಅಲ್ಲಿ ಯಾವಾಗ ಏನು ಸಿಗುತ್ತದೆ ಎಂಬ ತಿಳಿವಳಿಕೆಯೂ ಹೌದು.

ಹೊರಗಿನವರ ಹೆಸರುಗಳು ಮೊದಲು ನದಿ, ಬೆಟ್ಟಗಳಿಗೆ ಅಂಟಿಕೊಂಡವು. ಹಡ್ಸನ್ಸ್ ಬೇ ಕಂಪನಿಯ ತುಪ್ಪಳ ವ್ಯಾಪಾರಿ ಪೀಟರ್ ಸ್ಕೀನ್ ಆಗ್ಡೆನ್ 1826ರಲ್ಲಿ ಒಂದು ನದಿಯನ್ನು ಫ್ರೆಂಚ್ ಮಾತಿನಲ್ಲಿ ದುರದೃಷ್ಟದ ನದಿ ಎಂದು ತನ್ನ ದಿನಚರಿಯಲ್ಲಿ ದಾಖಲಿಸಿದ. ಅಲ್ಲಿ ಅವನ ತಂಡದವರು ಬಚ್ಚಿಟ್ಟಿದ್ದ ತುಪ್ಪಳ ಮತ್ತು ಸಾಮಾನು ಕಳುವಾಗಿತ್ತು. ಮ್ಯಾಲ್‌ಹ್ಯೂರ್ ಎಂಬುದು ಹೀಗೆ ಬಂದ ಹೆಸರು. ಮುಂದೆ ಅದು ಸರೋವರಕ್ಕೆ, ನೆರೆಯ ಕೌಂಟಿಗೆ, ಕಾಡಿಗೆ, ಪಕ್ಷಿಧಾಮಕ್ಕೆ ಹರಡಿತು. 1859ರಲ್ಲಿ ಕ್ಯಾಪ್ಟನ್ ಹೆನ್ರಿ ವಾಲನ್ ಪಶ್ಚಿಮದ ಸರೋವರಕ್ಕೆ ತನ್ನ ಮೇಲಧಿಕಾರಿ, ಆರೆಗಾನ್ ಸೇನಾವಲಯದ ದಂಡನಾಯಕ ಜನರಲ್ ವಿಲಿಯಂ ಹಾರ್ನಿಯ ಹೆಸರಿಟ್ಟ. ಮರುವರ್ಷ ಮೇಜರ್ ಈನಾಕ್ ಸ್ಟೀನ್ ಪಾಯೂಟ್ ತಂಡವೊಂದನ್ನು ಬೆನ್ನಟ್ಟಿ ಬೆಟ್ಟ ಹತ್ತಿದ, ಬೆಟ್ಟಕ್ಕೆ ಅವನ ಹೆಸರು ಬಿತ್ತು. 1864ರಲ್ಲಿ ಕರ್ನಲ್ ಜಾರ್ಜ್ ಕರಿಯ ಸೈನಿಕರು ಸಿಡಿಲು ಮಳೆಯಲ್ಲಿ ಹೊಳೆ ದಾಟಿದರು. ಗುಡುಗು, ಮಿಂಚು ಎಂಬರ್ಥದ ಜರ್ಮನ್ ಮಾತಿನಲ್ಲಿ ಅದು ಡಾನರ್ ಉಂಡ್ ಬ್ಲಿಟ್ಸನ್ ನದಿಯಾಯಿತು.

ಗಮನಿಸಬೇಕಾದದ್ದು ಇಷ್ಟು: ಈ ಹೆಸರುಗಳನ್ನು ಇಟ್ಟವರಲ್ಲಿ ಯಾರೂ ಅಲ್ಲಿ ನೆಲೆಸಿದವರಲ್ಲ. ಒಂದು ಕಳ್ಳತನ, ಒಂದು ಬೆನ್ನಟ್ಟುವಿಕೆ, ಒಂದು ಬಿರುಮಳೆ. ಹಾದುಹೋಗುವವರ ಒಂದೆರಡು ದಿನದ ಅನುಭವ ಶಾಶ್ವತವಾಗಿ ನೆಲದ ಮೇಲೆ ನಿಂತಿತು.

1872ರಲ್ಲಿ ಅಧ್ಯಕ್ಷ ಗ್ರಾಂಟ್ ಆದೇಶದಿಂದ ಮ್ಯಾಲ್‌ಹ್ಯೂರ್ ಮೀಸಲು ಪ್ರದೇಶ ಸ್ಥಾಪನೆಯಾಗಿ ಪಾಯೂಟರಿಗೆ ಸ್ವಲ್ಪ ನೆಲ ಉಳಿದಿತ್ತು. 1878ರ ಬ್ಯಾನಕ್ ಯುದ್ಧದಲ್ಲಿ ಅವರ ನಾಯಕ ಈಗನ್ ಹತನಾದ. 1879ರ ಜನವರಿಯಲ್ಲಿ 500ಕ್ಕೂ ಹೆಚ್ಚು ಪಾಯೂಟರನ್ನು ಹಿಮದಲ್ಲಿ ಉತ್ತರದ ಯಾಕಿಮಾ ಮೀಸಲು ಪ್ರದೇಶಕ್ಕೆ ಸಾಗಿಸಲಾಯಿತು. ಯುದ್ಧದಲ್ಲಿ ಭಾಗವಹಿಸದವರನ್ನೂ ಬಿಡಲಿಲ್ಲ. ಈ ಸಂಕಟವನ್ನು ಅದೇ ಜನರ ಸಾರಾ ವಿನ್ನೆಮಕ್ಕಾ 1883ರಲ್ಲಿ ತನ್ನ ಪುಸ್ತಕದಲ್ಲಿ ಬರೆದಳು. ಮೀಸಲು ಪ್ರದೇಶ ಸರ್ಕಾರಿ ನೆಲವಾಗಿ ಮತ್ತೆ ದನಗಾಹಿಗಳಿಗೂ ವಲಸಿಗರಿಗೂ ತೆರೆದುಕೊಂಡಿತು. ಈ ಪ್ರದೇಶದ ಮೊದಲ ಅಂಚೆ ಕಚೇರಿಗಳಲ್ಲಿ ಹಲವು ತೆರೆದದ್ದು ಇದಾದ ಹತ್ತೇ ವರ್ಷಗಳಲ್ಲಿ. ಎರಡು ಇತಿಹಾಸಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆಯುವ ರೂಢಿ ಇದೆ, ನನಗೆ ಅದು ಒಪ್ಪಿಗೆಯಿಲ್ಲ. ಜನ ಹೋದ ಜಾಗದಲ್ಲೇ ಅಂಚೆ ಬಂದಿತು. ಅಂಚೆಗೆ ಅರ್ಜಿ ಹಾಕಬಲ್ಲವರ ಕೈಗೆ ಹೆಸರಿಡುವ ಅಧಿಕಾರ ಹೋಯಿತು.

ಅರ್ಜಿ ಸಾಗುವ ಬಗೆ ಹೀಗಿತ್ತು. ಅಂಚೆ ಬೇಕೆಂದು ನೆರೆಹೊರೆಯವರು ಕೇಳಿಕೊಂಡರೆ ಇಲಾಖೆಯ ಭೂವಿವರಣಾ ವಿಭಾಗದಿಂದ ಒಂದು ಮುದ್ರಿತ ನಮೂನೆ ಬರುತ್ತಿತ್ತು. ಯಾವ ಹೆಸರು ಬೇಕು, ಹತ್ತಿರದ ನದಿ ಎಷ್ಟು ದೂರ, ತೊರೆ ಎಷ್ಟು ದೂರ, ಅಕ್ಕಪಕ್ಕದ ಅಂಚೆ ಕಚೇರಿಗಳು ಯಾವ ದಿಕ್ಕಿನಲ್ಲಿವೆ, ಯಾವ ಟಪಾಲು ಮಾರ್ಗದಲ್ಲಿ ಸೇರಬೇಕು, ಎಷ್ಟು ಜನಕ್ಕೆ ಅನುಕೂಲ ಎಂಬ ಪ್ರಶ್ನೆಗಳು ಅದರಲ್ಲಿದ್ದವು. ಕೈಯಿಂದ ಒಂದು ನಕ್ಷೆಯನ್ನೂ ಬರೆದು ಕಳಿಸಬೇಕಿತ್ತು. ನೆರೆಯ ಪೋಸ್ಟ್‌ಮಾಸ್ಟರ್ ಸಹಿ ಮಾಡಿ ದೃಢೀಕರಿಸಬೇಕಿತ್ತು. ಒಂದೇ ರಾಜ್ಯದಲ್ಲಿ ಒಂದೇ ಹೆಸರಿನ ಎರಡು ಕಚೇರಿಗಳಿಗೆ ಅವಕಾಶವಿರಲಿಲ್ಲ. 1894ರ ಆದೇಶವೊಂದು ಇನ್ನೂ ಬಿಗಿಯಾಯಿತು: ಹೊಸ ಕಚೇರಿಗೆ ಚಿಕ್ಕ ಹೆಸರು ಅಥವಾ ಒಂದೇ ಪದದ ಹೆಸರು ಮಾತ್ರ. ನಮ್ಮ ಊರ ಹೆಸರುಗಳಲ್ಲಿ ಹಳ್ಳಿ, ಕೆರೆ, ಕುಂಟೆ, ಗುಡ್ಡ ಎಂಬ ವಾರ್ಗಿಕಗಳು ನೆಲದ ಗುಣವನ್ನು ಹೇಳುತ್ತವೆ. ಒಂದೇ ಪದ ಕೇಳುವ ನಿಯಮದಡಿ ಅಂಥ ಎರಡನೆಯ ಭಾಗಕ್ಕೆ ಜಾಗ ಕಡಿಮೆ. ಹಾರ್ನಿಯ ಅಂಚೆ ಹೆಸರುಗಳಲ್ಲಿ ಬೋಳುಹೆಸರುಗಳೇ ಹೆಚ್ಚು ಕಾಣುವುದಕ್ಕೆ ಈ ಒತ್ತಡವೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಪೋಸ್ಟ್‌ಮಾಸ್ಟರ್ ಎಂದರೆ ಸಾಮಾನ್ಯವಾಗಿ ಅಂಗಡಿಯವನು ಅಥವಾ ದನದ ಕೊಟ್ಟಿಗೆಯುಳ್ಳ ಜಮೀನುದಾರ. ಇಂಥ ನಾಲ್ಕನೇ ದರ್ಜೆಯವರ ಸಂಭಾವನೆ ಅವರ ಕಚೇರಿಯಲ್ಲಿ ರದ್ದಾದ ಅಂಚೆಚೀಟಿಗಳ ಮೌಲ್ಯವನ್ನು ಅವಲಂಬಿಸಿತ್ತು. ಅಂಗಡಿಯ ಮೂಲೆಯೇ ಕಚೇರಿ. ಹೊಸಬರು ನೇಮಕವಾದರೆ ಕಚೇರಿ ಅವರ ಮನೆಗೆ, ಕೆಲವೊಮ್ಮೆ ಮೈಲಿಗಟ್ಟಲೆ ದೂರಕ್ಕೆ ಹೋಗುತ್ತಿತ್ತು, ಹೆಸರು ಮಾತ್ರ ಹಾಗೇ ಉಳಿಯುತ್ತಿತ್ತು. ಆದ್ದರಿಂದ ಅಂಚೆ ಕಚೇರಿ ತೆರೆದ ದಿನವನ್ನು ಊರು ಹುಟ್ಟಿದ ದಿನವೆಂದು ಬರೆಯುವುದು ದೊಡ್ಡ ತಪ್ಪು. ಸ್ಥಳೀಯ ಚರಿತ್ರೆಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಆ ದಿನಾಂಕ ಹೇಳುವುದು ಒಂದನ್ನೇ: ಅಂದಿನಿಂದ ಆ ಹೆಸರಿಗೆ ವಾಷಿಂಗ್ಟನ್ನಿನ ಒಪ್ಪಿಗೆ ಇತ್ತು. ಊರು ಅದಕ್ಕಿಂತ ಹಳೆಯದಿರಬಹುದು, ಊರೇ ಇಲ್ಲದಿರಲೂಬಹುದು.

ಟಪಾಲು ಬರುತ್ತಿದ್ದುದು ‘ಸ್ಟಾರ್ ರೂಟ್’ ಎಂಬ ಗುತ್ತಿಗೆ ಮಾರ್ಗಗಳಲ್ಲಿ. 1845ರ ಕಾನೂನು ಕುದುರೆಯೋ ಬಂಡಿಯೋ ಎಂದು ಕೇಳಲಿಲ್ಲ. ವೇಗ, ಖಚಿತತೆ, ಭದ್ರತೆ ಮೂರನ್ನೂ ಒದಗಿಸುವ ಅತಿ ಕಡಿಮೆ ದರದವನಿಗೆ ಗುತ್ತಿಗೆ ಕೊಡಿ ಎಂದಿತು. ಈ ಮೂರು ಪದಗಳ ಬದಲು ಗುಮಾಸ್ತರು ಪುಸ್ತಕದಲ್ಲಿ ಮೂರು ನಕ್ಷತ್ರ ಚಿಹ್ನೆ ಹಾಕುತ್ತಿದ್ದರು, ಆ ಹೆಸರು ಬಂದದ್ದು ಅಲ್ಲಿಂದ. ಇಂಥ ಮಾರ್ಗದ ನಡುವಿನ ತಂಗುದಾಣಗಳೇ ಎಷ್ಟೋ ಕಡೆ ಊರಿಗೆ ಬೀಜವಾದವು. ಸ್ಟೀನ್ಸ್ ಬೆಟ್ಟದ ದಕ್ಷಿಣಕ್ಕಿರುವ ಫೀಲ್ಡ್ಸ್, 1881ರಲ್ಲಿ ಚಾರ್ಲ್ಸ್ ಫೀಲ್ಡ್ಸ್ ಕಟ್ಟಿದ ಅಂಥದೊಂದು ತಂಗುಮನೆ.

ಈಗ ಹೆಸರುಗಳನ್ನು ನೋಡೋಣ. ಕೌಂಟಿಯ ಕೇಂದ್ರ ಬರ್ನ್ಸ್‌ಗೆ ಅಂಚೆ ಕಚೇರಿ ಬಂದದ್ದು 1884ರಲ್ಲಿ. ಅಲ್ಲಿನ ವ್ಯಾಪಾರಿ ಜಾರ್ಜ್ ಮೆಕ್‌ಗೊವನ್ ತನ್ನ ಹೆಸರನ್ನೂ ಪಾಲುದಾರನ ಹೆಸರನ್ನೂ ಯೋಚಿಸಿ ಕೈಬಿಟ್ಟು, ಸ್ಕಾಟ್ಲೆಂಡಿನ ರೈತಕವಿ ರಾಬರ್ಟ್ ಬರ್ನ್ಸ್ ಹೆಸರನ್ನು ಆರಿಸಿದ. ಮಣ್ಣಿಗೆ ಹತ್ತಿರದ ಜನರ ಊರಿಗೆ ಮಣ್ಣಿಗೆ ಹತ್ತಿರದ ಕವಿ ಎಂಬುದು ಅವನ ಎಣಿಕೆ. ದನದ ಸೀಮೆಯ ಅಂಗಡಿಯವನೊಬ್ಬ ತನ್ನ ಹೆಸರನ್ನು ನಕ್ಷೆಯಲ್ಲಿ ಕಾಣುವ ಅವಕಾಶವನ್ನು ಕವಿಯೊಬ್ಬನಿಗೆ ಬಿಟ್ಟುಕೊಟ್ಟದ್ದು ನನಗೆ ಬಹಳ ಪ್ರಿಯವಾದ ಸಂಗತಿ.

ಡ್ರೂಜಿಯ ಕತೆ ಬೇರೆ. ಅಬ್ನರ್ ರಾಬಿನ್ಸ್ 1883ರಲ್ಲಿ ಅಂಗಡಿ ತೆರೆದು ಆ ಜಾಗವನ್ನು ‘ಗೌಜ್ ಐ’ ಎಂದು ಕರೆದ. ಹೊಡೆದಾಟದಲ್ಲಿ ಎದುರಾಳಿಯ ಕಣ್ಣು ಕೀಳುವುದು ಎಂಬರ್ಥದ, ಗಡಿನಾಡಿನ ಒರಟು ನ್ಯಾಯವನ್ನು ನೆನಪಿಸುವ ಹೆಸರದು. ಅಂಚೆ ಅಧಿಕಾರಿಗಳು ಒಪ್ಪಲಿಲ್ಲ. 1884ರಲ್ಲಿ ಅಲ್ಲಿನ ಜಾನುವಾರು ಸಾಕಣೆದಾರನೊಬ್ಬನ ಮಗಳು ಡ್ರೂಜಿ ಮಿಲ್ಲರ್ ಹೆಸರು ಅದರ ಜಾಗಕ್ಕೆ ಬಂದಿತು. ಹೆಸರಿನಿಂದ ಊರಿನ ಸ್ವಭಾವ ಊಹಿಸುವವರಿಗೆ ಇದು ಎಚ್ಚರಿಕೆ: ನಯವಾದ ಹೆಸರು ಇಲಾಖೆಯ ಸೋಸುವಿಕೆಯ ಫಲವಿರಬಹುದು.

ಸೋಸುವಿಕೆಯಷ್ಟೇ ಕೆಲಸ ಮಾಡಿದ್ದು ಕೈಬರಹದ ತಪ್ಪು. ಹೆನ್ರಿ ಲಾಯೆನ್ ಎಂಬ ವಲಸಿಗನ ಹೆಸರಿನಲ್ಲಿ ಒಂದಕ್ಷರ ಬದಲಾಗಿ ಊರು ಲಾವೆನ್ ಆಯಿತು. ಸ್ಟೀನ್ಸ್ ಬೆಟ್ಟವೂ ಹಳೆಯ ನಕ್ಷೆಗಳಲ್ಲಿ ಬಹುಕಾಲ ತಪ್ಪು ಕಾಗುಣಿತದಲ್ಲೇ ಅಚ್ಚಾಗುತ್ತಿತ್ತು.

ಡೈಮಂಡ್ ಎಂಬ ಊರಿನಲ್ಲಿ ವಜ್ರದ ಗಣಿಯಿಲ್ಲ. ಮೇಸ್ ಮೆಕಾಯ್ ತನ್ನ ದನಗಳಿಗೆ ಹಾಕುತ್ತಿದ್ದ ಚೌಕುಳಿ ಬರೆಯ ಗುರುತು ಅದು. 1887ರಲ್ಲಿ ಅಂಚೆ ಕಚೇರಿ ಅದೇ ಗುರುತನ್ನು ಹೆಸರಾಗಿ ಪಡೆಯಿತು. ರೈಲಿ, ಕ್ಯಾಲಿಫೋರ್ನಿಯಾದಿಂದ ಬಂದ ದನದ ವ್ಯಾಪಾರಿ ಏಮಸ್ ರೈಲಿಯ ಹೆಸರು. ಫ್ರೆಂಚ್‌ಗ್ಲೆನ್‌ನಲ್ಲಿ ಇಬ್ಬರಿದ್ದಾರೆ: 1872ರಲ್ಲಿ ಸುಮಾರು 1,200 ದನಗಳೊಡನೆ ಬಂದು ಸಾಮ್ರಾಜ್ಯದಂತೆ ಜಮೀನು ಕಟ್ಟಿದ ಪೀಟರ್ ಫ್ರೆಂಚ್, ಅವನಿಗೆ ಬಂಡವಾಳ ಕೊಟ್ಟ ಮಾವ ಹ್ಯೂ ಗ್ಲೆನ್. ಗ್ಲೆನ್ 1883ರಲ್ಲಿ ಕೊಲೆಯಾದ. ಜಮೀನಿನ ವಿವಾದದಲ್ಲಿ ಫ್ರೆಂಚ್‌ನನ್ನು 1897ರ ಡಿಸೆಂಬರ್ 26ರಂದು ಎಡ್ವರ್ಡ್ ಆಲಿವರ್ ಎಂಬ ವಲಸಿಗ ಗುಂಡಿಟ್ಟು ಕೊಂದ. ನ್ಯಾಯಮಂಡಳಿ ಆಲಿವರ್‌ನನ್ನು ಬಿಡುಗಡೆ ಮಾಡಿತು. ಸಣ್ಣ ಹಿಡುವಳಿದಾರರು ಅಷ್ಟು ದ್ವೇಷಿಸಿದ ಹೆಸರೇ ನಕ್ಷೆಯಲ್ಲಿ ಉಳಿದಿದೆ.

ಈ ಪಟ್ಟಿಯಲ್ಲಿ ಅಂಗಡಿಯವರು, ದನದ ಒಡೆಯರು, ತಂಗುಮನೆಯವರು ತುಂಬಿದ್ದಾರೆ. ದನ ಕಾಯ್ದ ಮೆಕ್ಸಿಕನ್ ವಾಕೆರೊಗಳು, ಕುರಿ ಕಾಯ್ದ ಬಾಸ್ಕರು ಅಂಚೆ ಹೆಸರುಗಳಲ್ಲಿ ಸಿಗುವುದು ಅಪರೂಪ.

1889ರ ಫೆಬ್ರವರಿ 25ರಂದು ಗ್ರಾಂಟ್ ಕೌಂಟಿಯ ದಕ್ಷಿಣ ಭಾಗ ಬೇರ್ಪಟ್ಟು ಹಾರ್ನಿ ಕೌಂಟಿಯಾಯಿತು. ತಾತ್ಕಾಲಿಕ ಕೇಂದ್ರ, ಹಳೆಯ ಸೇನಾ ಕೋಟೆಯ ಬಳಿಯ ಹಾರ್ನಿ ಊರು. ಬಳಿಕ ಜಿದ್ದಾಜಿದ್ದಿಯಲ್ಲಿ ಕೇಂದ್ರ ಬರ್ನ್ಸ್‌ಗೆ ಹೋಯಿತು. ದಂಡನಾಯಕನ ಹೆಸರಿನ ಊರು ಬರಿದಾಯಿತು, ಕವಿಯ ಹೆಸರಿನದು ಬೆಳೆಯಿತು.

1909ರ ಹೊಸ ಕಾನೂನು ಒಣಭೂಮಿಯಲ್ಲಿ 320 ಎಕರೆ ಹಿಡುವಳಿಗೆ ಅವಕಾಶ ಕೊಟ್ಟಾಗ ಜನ ಮತ್ತೆ ನುಗ್ಗಿದರು. ಕ್ಯಾಟ್ಲೊ ಕಣಿವೆಯಲ್ಲಿ ಬ್ಲಿಟ್ಸನ್‌ನಂಥ ಊರುಗಳು ಎದ್ದವು, ಮಳೆ ಸಾಲದೆ ಕೆಲವೇ ದಶಕಗಳಲ್ಲಿ ಪಾಳುಬಿದ್ದವು. ಕೊಕ್ಕರೆಗಳಿಂದ ಹೆಸರು ಪಡೆದ ಕ್ರೇನ್, 1916ರಲ್ಲಿ ರೈಲು ಬಂದು ಮೆರೆಯಿತು. 1924ರಲ್ಲಿ ಹಳಿ ಬರ್ನ್ಸ್‌ವರೆಗೆ ಮುಂದುವರಿದಾಗ ಸೊರಗಿತು. ದೇಶದಾದ್ಯಂತ 1901ರಲ್ಲಿ 76,945 ಅಂಚೆ ಕಚೇರಿಗಳಿದ್ದವು, ಅದೇ ಗರಿಷ್ಠ. ಮನೆಬಾಗಿಲಿಗೆ ಟಪಾಲು ತಲುಪಿಸುವ ಗ್ರಾಮೀಣ ಸೇವೆ 1896ರಲ್ಲಿ ಪ್ರಯೋಗವಾಗಿ ಶುರುವಾಗಿ ಬೆಳೆದಂತೆ ಸಣ್ಣ ಕಚೇರಿಗಳು ಸಾವಿರಗಟ್ಟಲೆ ಮುಚ್ಚಿದವು. ಕಚೇರಿ ಮುಚ್ಚಿದ ಮೇಲೆ ಎಷ್ಟೋ ಹೆಸರುಗಳು ಬಾಯಿಂದಲೂ ಮರೆಯಾದವು. ಡೆನಿಯೊ ಮಾತ್ರ ವಿಚಿತ್ರ: ಏರನ್ ಡೆನಿಯೊ ಹೆಸರಿನ ಈ ಕಚೇರಿ ಆರೆಗಾನ್‌ನಲ್ಲಿ ಹುಟ್ಟಿ, 1950ರಲ್ಲಿ ಗಡಿ ದಾಟಿ ನೆವಾಡಾಕ್ಕೆ ಹೋಯಿತು. ಒಂದು ರಾಜ್ಯದ ದಾಖಲೆ ಮಾತ್ರ ನೋಡುವವರಿಗೆ ಅಲ್ಲಿ ಊರೇ ಅಳಿದಂತೆ ಕಾಣುತ್ತದೆ.

ಇವುಗಳ ಮೂಲಗಳು ಇಷ್ಟಾದರೂ ನಮಗೆ ಸಿಕ್ಕಿರುವುದು ಲೂಯಿಸ್ ಎ. ಮೆಕಾರ್ಥರ್ ಅವರಿಂದ. 1928ರಲ್ಲಿ ಮೊದಲು ಪ್ರಕಟವಾದ ಅವರ ಆರೆಗಾನ್ ಸ್ಥಳನಾಮ ಕೋಶವನ್ನು ಮಗ ಲೂಯಿಸ್ ಎಲ್. ಮೆಕಾರ್ಥರ್ ಆವೃತ್ತಿಯಿಂದ ಆವೃತ್ತಿಗೆ ಬೆಳೆಸಿದರು. ಅಂಚೆ ದಾಖಲೆಯನ್ನೂ ಹಳಬರ ನೆನಪನ್ನೂ ಎದುರುಬದುರು ಇಟ್ಟು ತೂಗಿದ ಕೃತಿ ಅದು.

ಹೆಸರಿನ ಮೇಲಿನ ಅಧಿಕಾರ ಇಂದಿಗೂ ಚರ್ಚೆಯ ವಿಷಯ. ಒಕ್ಕೂಟದ ಸ್ಥಳನಾಮ ಮಂಡಳಿ 1890ರಿಂದಲೇ ಕೆಲಸ ಮಾಡುತ್ತಿದೆ. ಸ್ಥಳೀಯ ಬುಡಕಟ್ಟು ಹೆಂಗಸರನ್ನು ಹೀನಾಯವಾಗಿ ಕರೆಯುವ ಪದವನ್ನು ರಾಜ್ಯದ ಸ್ಥಳನಾಮಗಳಿಂದ ತೆಗೆಯಲು ಆರೆಗಾನ್ 2001ರಲ್ಲಿ ಕಾನೂನು ಮಾಡಿತು. 2022ರಲ್ಲಿ ಒಕ್ಕೂಟ ಸರ್ಕಾರ ಅದೇ ಪದವಿದ್ದ ಸುಮಾರು 650 ಹೆಸರುಗಳನ್ನು ದೇಶದಾದ್ಯಂತ ಬದಲಿಸಿತು. ವಾಡಾಟಿಕಾ ಜನರಲ್ಲಿ ಹಲವರು ಯಾಕಿಮಾದಿಂದ ಹಿಂದಿರುಗಿ ಬರ್ನ್ಸ್ ಊರಿನ ಅಂಚಿನಲ್ಲಿ ದಶಕಗಳ ಕಾಲ ಬಡತನದಲ್ಲಿ ಬದುಕಿದರು. 1972ರಲ್ಲಿ ಅವರಿಗೆ ಅಲ್ಲೇ ಒಂದು ಸಣ್ಣ ಮೀಸಲು ಪ್ರದೇಶ ದೊರೆಯಿತು. ಸರ್ಕಾರದ ದಾಖಲೆಗಳಲ್ಲಿ ಈಗ ಆ ಜನರ ಹೆಸರು ಬರ್ನ್ಸ್ ಪಾಯೂಟ್ ಬುಡಕಟ್ಟು. ವಾಡಾ ಬೀಜದಿಂದ ಗುರುತಿಸಿಕೊಂಡಿದ್ದವರ ಹೆಸರಿನಲ್ಲಿ ಮೆಕ್‌ಗೊವನ್ ಆರಿಸಿದ ಅಂಚೆ ಕಚೇರಿಯ ಹೆಸರು ಸೇರಿಹೋಗಿದೆ.