ಕಪ್ಪುಕುಳಿಯ ಒಳಗೆ ಏನಿದೆ? ಹೊರಗೆ ನಿಂತೇ ತಿಳಿಯುವ ದಾರಿ ತೋರಿದ ಬೆಂಗಳೂರಿನ ವಿಜ್ಞಾನಿ

ಕಪ್ಪುಕುಳಿ, ಅಂದರೆ ಬ್ಲ್ಯಾಕ್‌ಹೋಲ್ ಒಳಗೆ ಬಿದ್ದ ವಸ್ತು ಎಲ್ಲಿಗೆ ಹೋಗುತ್ತದೆ? ಅಲ್ಲಿ ಕಾಲ ನಿಂತುಬಿಡುತ್ತದೆಯೇ? ಇನ್ನೊಂದು ವಿಶ್ವಕ್ಕೆ ಬಾಗಿಲು ಇದೆಯೇ? ಮೊಬೈಲ್‌ನಲ್ಲಿ ಹರಿದಾಡುವ ವಿಡಿಯೊಗಳು ಈ ಪ್ರಶ್ನೆಗಳಿಗೆಲ್ಲ ಖಡಾಖಂಡಿತ ಉತ್ತರ ಕೊಟ್ಟುಬಿಡುತ್ತವೆ. ವಿಜ್ಞಾನಿಗಳು ಮಾತ್ರ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಕಾರಣ ಇಷ್ಟೇ: ಒಳಗೆ ಹೋದ ಯಾವುದೂ, ಬೆಳಕು ಕೂಡ, ಸುದ್ದಿ ಹೇಳಲು ಹೊರಗೆ ಬರುವುದಿಲ್ಲ.

ಹಾಗೆಂದು ವಿಜ್ಞಾನ ಕೈಚೆಲ್ಲಿ ಕುಳಿತಿಲ್ಲ. ಒಳಗೇನಿರಬಹುದು ಎಂಬ ಊಹೆಗಳಲ್ಲಿ ಕೆಲವನ್ನು ಹೊರಗಿನಿಂದಲೇ ಪರೀಕ್ಷೆಗೆ ಒಡ್ಡಬಹುದು. ಆ ಪರೀಕ್ಷೆಗೆ ಅಡಿಪಾಯವಾದ ಲೆಕ್ಕವನ್ನು 1970ರಲ್ಲಿ ಮಾಡಿದವರು ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ. ಕಪ್ಪುಕುಳಿಯ ಒಳಗಿನ ಬಗ್ಗೆ ನಮಗೆ ಗೊತ್ತಿರುವುದೆಷ್ಟು, ಊಹೆ ಎಷ್ಟು? ಇಲ್ಲಿದೆ ವಿವರ.

ಹೋಗುವ ರೈಲಿದೆ, ಬರುವ ರೈಲಿಲ್ಲ

ಮುಂಬೈನ ಹಾರ್ಬರ್ ಮಾರ್ಗದಲ್ಲಿ ಓಡಾಡುವವರಿಗೆ ವಡಾಲ ಗೊತ್ತು. ಸಿಎಸ್‌ಎಂಟಿಯಿಂದ ಬಂದ ಹಳಿ ಇಲ್ಲಿ ಕವಲೊಡೆಯುತ್ತದೆ. ಒಂದು ಕುರ್ಲಾ, ವಾಶಿ, ಪನ್ವೇಲ್ ಕಡೆಗೆ, ಇನ್ನೊಂದು ಕಿಂಗ್ಸ್ ಸರ್ಕಲ್, ಬಾಂದ್ರಾ, ಗೋರೆಗಾಂವ್ ಕಡೆಗೆ. ಅವಸರದಲ್ಲಿ ತಪ್ಪು ಲೋಕಲ್ ಹತ್ತಿದರೂ ಚಿಂತೆಯಿಲ್ಲ. ಮುಂದಿನ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಬರಬಹುದು.

ಕಪ್ಪುಕುಳಿಯ ಸುತ್ತ ಇಂಥ ವಾಪಸಾತಿಗೆ ಅವಕಾಶವಿಲ್ಲದ ಒಂದು ಗಡಿ ಇದೆ. ಅದಕ್ಕೆ ಘಟನಾ ದಿಗಂತ ಎನ್ನುತ್ತಾರೆ. ಅಲ್ಲಿ ಗೋಡೆಯಿಲ್ಲ, ಬೋರ್ಡಿಲ್ಲ. ಆದರೆ ಅದನ್ನು ದಾಟಿದ ಮೇಲೆ ಎಲ್ಲ ಹಳಿಗಳೂ ಒಂದೇ ಕಡೆಗೆ ಹೋಗುತ್ತವೆ. ಹೊರಬರಲು ಬೆಳಕಿಗಿಂತ ಹೆಚ್ಚಿನ ವೇಗ ಬೇಕು, ಅದು ಯಾವುದಕ್ಕೂ ಸಾಧ್ಯವಿಲ್ಲ.

ಈ ಗಡಿ ಎಷ್ಟು ದೊಡ್ಡದು ಎಂಬುದು ದ್ರವ್ಯರಾಶಿಯ ಮೇಲೆ ನಿಂತಿದೆ. ಸುಮಾರು 7 ಲಕ್ಷ ಕಿ.ಮೀ. ತ್ರಿಜ್ಯದ ಸೂರ್ಯನನ್ನು ಕಪ್ಪುಕುಳಿ ಮಾಡಬೇಕೆಂದರೆ 3 ಕಿ.ಮೀ. ತ್ರಿಜ್ಯಕ್ಕೆ ಹಿಂಡಬೇಕು. ಭೂಮಿಯನ್ನಾದರೆ 9 ಮಿಲಿಮೀಟರ್‌ಗೆ, ಹೆಚ್ಚುಕಡಿಮೆ ಒಂದು ಗೋಲಿಯಷ್ಟಕ್ಕೆ. ನಮ್ಮ ಆಕಾಶಗಂಗೆಯ ನಡುವೆ ಇರುವ ಸ್ಯಾಜಿಟೇರಿಯಸ್ ಎ ಸ್ಟಾರ್ ಸುಮಾರು 43 ಲಕ್ಷ ಸೂರ್ಯರಷ್ಟು ಭಾರದ್ದು. ಎಂ87 ಗೆಲಾಕ್ಸಿಯ ಕಪ್ಪುಕುಳಿ ಸುಮಾರು 650 ಕೋಟಿ ಸೂರ್ಯರಷ್ಟು. 2019ರ ಏಪ್ರಿಲ್‌ನಲ್ಲಿ ಜಗತ್ತು ಮೊದಲ ಬಾರಿ ಚಿತ್ರದಲ್ಲಿ ಕಂಡದ್ದು ಇದನ್ನೇ. ಆ ಕಿತ್ತಳೆ ಉಂಗುರದ ನಡುವಿನ ಕತ್ತಲೆ ಕಪ್ಪುಕುಳಿಯ ನೆರಳು. ಒಳಗಿನದೇನೂ ಆ ಚಿತ್ರದಲ್ಲಿಲ್ಲ.

ಗಡಿ ದಾಟಿದರೆ ಏನಾಗುತ್ತದೆ?

ಐನ್‌ಸ್ಟೈನ್ 1915ರಲ್ಲಿ ಕೊಟ್ಟ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಇದಕ್ಕೆ ಉತ್ತರ ಹೇಳುತ್ತದೆ. ಬೀಳುವವರನ್ನು ದೂರದಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. ಗಡಿ ಹತ್ತಿರವಾದಂತೆ ಅವರು ನಿಧಾನವಾಗುತ್ತಾ, ಕೆಂಪಾಗುತ್ತಾ, ಮಸುಕಾಗುತ್ತಾ ಹೋಗುತ್ತಾರೆ. ಅವರು ಗಡಿ ದಾಟಿದ್ದು ನಿಮಗೆ ಕಾಣುವುದೇ ಇಲ್ಲ. ಬೀಳುತ್ತಿರುವವರ ಕೈಗಡಿಯಾರ ಮಾತ್ರ ಎಂದಿನಂತೆ ಓಡುತ್ತಿರುತ್ತದೆ. ದೊಡ್ಡ ಕಪ್ಪುಕುಳಿಯಾದರೆ ಗಡಿ ದಾಟಿದ್ದು ಅವರ ಅನುಭವಕ್ಕೂ ಬಾರದಿರಬಹುದು.

ಸಣ್ಣ ಕಪ್ಪುಕುಳಿಯಲ್ಲಿ ಹಾಗಲ್ಲ. ಹತ್ತು ಸೂರ್ಯರಷ್ಟು ಭಾರದ್ದಾದರೆ ಗಡಿ ತಲುಪುವ ಮೊದಲೇ ಕಾಲಿನ ಕಡೆಯ ಸೆಳೆತಕ್ಕೂ ತಲೆಯ ಕಡೆಯ ಸೆಳೆತಕ್ಕೂ ನಡುವಿನ ವ್ಯತ್ಯಾಸ ದೇಹ ತಾಳಲಾರದಷ್ಟು ಹೆಚ್ಚಿರುತ್ತದೆ. ದೇಹ ಶಾವಿಗೆಯಂತೆ ಎಳೆದುಹೋಗುತ್ತದೆ.

ಒಳಗೆ ಹೋದ ಮೇಲೆ ಎಷ್ಟು ಹೊತ್ತು? ತಿರುಗದ ಕಪ್ಪುಕುಳಿಗೆ ಇದರ ಲೆಕ್ಕ ಇದೆ. ಸ್ಯಾಜಿಟೇರಿಯಸ್ ಎ ಸ್ಟಾರ್‌ನಷ್ಟು ಭಾರದ್ದಾದರೆ ಗಡಿಯಿಂದ ಕೇಂದ್ರಕ್ಕೆ ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು. ಎಂ87ರಷ್ಟಾದರೆ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು. ಹೊರಬರಲು ಒದ್ದಾಡಿ ಈ ಸಮಯವನ್ನು ಹಿಗ್ಗಿಸಲಾಗದು. ಹೊರಗೆ ನಮಗೆ ನಾಳೆ ಬರುವುದನ್ನು ಹೇಗೆ ತಪ್ಪಿಸಲಾಗದೋ, ಒಳಗೆ ಕೇಂದ್ರ ಬರುವುದನ್ನೂ ಹಾಗೆಯೇ ತಪ್ಪಿಸಲಾಗದು.

ಒಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಬಿಡಿಸಬೇಕು. ಕಪ್ಪುಕುಳಿ ಸುತ್ತಮುತ್ತಲಿನದನ್ನೆಲ್ಲ ಹೀರಿಕೊಳ್ಳುವ ಯಂತ್ರವಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ಭಾರದ ಕಪ್ಪುಕುಳಿ ಇಟ್ಟರೂ ಭೂಮಿ ಇದೇ ಕಕ್ಷೆಯಲ್ಲಿ ಸುತ್ತುತ್ತಿರುತ್ತದೆ. ಬೆಳಕು ಇರುವುದಿಲ್ಲ, ಅಷ್ಟೇ.

ಕೇಂದ್ರದಲ್ಲಿ ಲೆಕ್ಕ ಕೈಕೊಡುತ್ತದೆ

ಕೇಂದ್ರದಲ್ಲಿ ಏನಿದೆ? ಸಿದ್ಧಾಂತದ ಪ್ರಕಾರ ಅಲ್ಲಿ ಸಾಂದ್ರತೆಗೂ ಸೆಳೆತಕ್ಕೂ ಮಿತಿಯೇ ಇಲ್ಲ. ಇದನ್ನು ಸಿಂಗ್ಯುಲಾರಿಟಿ ಎನ್ನುತ್ತಾರೆ. ಮೊದಮೊದಲು ಅನೇಕರು ಇದನ್ನು ನಂಬಲಿಲ್ಲ. ಲೆಕ್ಕಕ್ಕಾಗಿ ನಕ್ಷತ್ರವನ್ನು ಅಚ್ಚುಕಟ್ಟಾದ ಗೋಳ ಎಂದುಕೊಂಡಿದ್ದರಿಂದ ಹೀಗಾಗಿದೆ, ನಿಜವಾದ ನಕ್ಷತ್ರ ಕುಸಿದರೆ ಹೀಗಾಗದು ಎಂದುಕೊಂಡಿದ್ದರು.

1965ರಲ್ಲಿ ರೋಜರ್ ಪೆನ್‌ರೋಸ್ ಈ ಸಮಾಧಾನವನ್ನು ಕಿತ್ತುಹಾಕಿದರು. ನಕ್ಷತ್ರ ಹೇಗೇ ಕುಸಿಯಲಿ, ಒಂದು ಹಂತ ದಾಟಿದರೆ ಸಿಂಗ್ಯುಲಾರಿಟಿ ತಪ್ಪದು ಎಂದು ತೋರಿಸಿದರು. ಅದಕ್ಕೆ 2020ರಲ್ಲಿ ನೊಬೆಲ್ ಸಿಕ್ಕಿತು. ಪೆನ್‌ರೋಸ್ ಹಾಗೂ ನಂತರ ಸ್ಟೀಫನ್ ಹಾಕಿಂಗ್ ಮಂಡಿಸಿದ ಇಂಥ ಪ್ರಮೇಯಗಳ ಹಿಂದೆ ಇರುವುದು ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಪ್ರಕಟಿಸಿದ ಸಮೀಕರಣ.

ಆದರೆ 'ಮಿತಿಯಿಲ್ಲ' ಎಂಬ ಉತ್ತರ ಬಂದರೆ ಬಹುತೇಕ ಭೌತವಿಜ್ಞಾನಿಗಳು ಅದನ್ನು ವಸ್ತುವಿನ ವರ್ಣನೆ ಎಂದು ಓದುವುದಿಲ್ಲ. ಸಿದ್ಧಾಂತದ ವ್ಯಾಪ್ತಿ ಅಲ್ಲಿಗೆ ಮುಗಿಯಿತು ಎಂಬ ಸೂಚನೆಯಾಗಿ ಓದುತ್ತಾರೆ. ಅಷ್ಟು ಚಿಕ್ಕ ಜಾಗದಲ್ಲಿ ಕ್ವಾಂಟಮ್ ನಿಯಮಗಳೂ ಬೇಕು. ಗುರುತ್ವವನ್ನೂ ಕ್ವಾಂಟಮ್ ನಿಯಮವನ್ನೂ ಒಟ್ಟಿಗೆ ಹೊಲಿಯುವ, ಪ್ರಯೋಗದಲ್ಲಿ ಸಾಬೀತಾದ ಸಿದ್ಧಾಂತ ಇನ್ನೂ ಬಂದಿಲ್ಲ. ಊಹೆಗಳು ಶುರುವಾಗುವುದು ಇಲ್ಲಿಂದ.

ಮುಖ್ಯ ಊಹೆಗಳು ಯಾವುವು?

ಪುಟಿತ: ಮಹಾರಾಷ್ಟ್ರದ ಶಿರಪುರದಲ್ಲಿ ಹುಟ್ಟಿದ ಅಭಯ್ ಅಷ್ಟೇಕರ್ ರೂಪಿಸಿದ ಲೂಪ್ ಕ್ವಾಂಟಮ್ ಗ್ರಾವಿಟಿ ಪ್ರಕಾರ ಜಾಗವನ್ನು ಎಷ್ಟು ಬೇಕಾದರೂ ಚಿಕ್ಕದಾಗಿ ಕತ್ತರಿಸಲಾಗದು. ಹಾಗಾಗಿ ಕುಸಿತ ಒಂದು ಕಡೆ ನಿಲ್ಲಲೇಬೇಕು. ಸಿಂಗ್ಯುಲಾರಿಟಿ ಇರುವುದಿಲ್ಲ, ಅದರಾಚೆಗೂ ಕಾಲ ಮುಂದುವರಿಯುತ್ತದೆ ಎನ್ನುತ್ತದೆ ಈ ವಾದ.

ತಂತುಗಳ ಉಂಡೆ: ಸ್ಟ್ರಿಂಗ್ ಸಿದ್ಧಾಂತದ ಆಧಾರದಲ್ಲಿ ಸಮೀರ್ ಮಾಥುರ್ ಮುಂದಿಟ್ಟ ಫಝ್‌ಬಾಲ್ ಕಲ್ಪನೆ ಇದು. ಇದರಂತೆ ಕಪ್ಪುಕುಳಿಗೆ ಟೊಳ್ಳಾದ ಒಳಭಾಗವೇ ಇಲ್ಲ. ಗಡಿಯವರೆಗೂ ಸ್ಟ್ರಿಂಗ್‌ಗಳು ನೂಲಿನುಂಡೆಯಂತೆ ತುಂಬಿಕೊಂಡಿರುತ್ತವೆ. ಸ್ಟ್ರಿಂಗ್‌ಗಳಿಂದ ಕಪ್ಪುಕುಳಿಯನ್ನು ಅರ್ಥ ಮಾಡಿಕೊಳ್ಳುವ ಕೆಲಸದಲ್ಲಿ ಮುಂಬೈನ ಪಾಲೂ ಇದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅವಿನಾಶ್ ಧರ್, ಗೌತಮ್ ಮಂಡಲ್ ಮತ್ತು ಸ್ಪೆಂಟಾ ವಾಡಿಯಾ 1996ರಲ್ಲೇ ಈ ದಿಕ್ಕಿನಲ್ಲಿ ಮಹತ್ವದ ಲೆಕ್ಕ ಪ್ರಕಟಿಸಿದ್ದರು.

ಇನ್ನೊಂದು ವಿಶ್ವದ ಬಾಗಿಲು: ವಿಡಿಯೊಗಳ ಅಚ್ಚುಮೆಚ್ಚಿನ ಊಹೆ. ತಿರುಗುವ ಕಪ್ಪುಕುಳಿಗೆ ರಾಯ್ ಕೆರ್ 1963ರಲ್ಲಿ ಕೊಟ್ಟ ಪರಿಹಾರದಲ್ಲಿ ಅಂಥ ದಾರಿ ಕಾಗದದ ಮೇಲೆ ಕಾಣುತ್ತದೆ, ನಿಜ. ಆದರೆ ಒಳಗೆ ಚೂರು ಬೆಳಕು ಬಿದ್ದರೂ ಆ ದಾರಿ ಅಸ್ಥಿರವಾಗುತ್ತದೆ ಎನ್ನುತ್ತವೆ ಲೆಕ್ಕಗಳು. ಅದು ಇದೆ ಎನ್ನಲು ಒಂದೂ ಸಾಕ್ಷ್ಯ ಇಲ್ಲ.

ಇದರ ಜೊತೆಗೆ ಹಾಕಿಂಗ್ 1974ರಲ್ಲಿ ಎತ್ತಿದ ತೊಡಕು ಇದೆ. ಕಪ್ಪುಕುಳಿ ಅತಿ ನಿಧಾನವಾಗಿ ವಿಕಿರಣ ಸೂಸುತ್ತಾ ಆವಿಯಾಗುತ್ತದೆ ಎಂದರು ಅವರು. ಹಾಗಾದರೆ ಒಳಗೆ ಬಿದ್ದದ್ದರ ಮಾಹಿತಿ ಏನಾಯಿತು? ಸುಟ್ಟ ಪತ್ರದ ಮಾಹಿತಿ ಕೂಡ ತತ್ವಶಃ ಬೂದಿ, ಹೊಗೆಯಲ್ಲಿ ಉಳಿದಿರುತ್ತದೆ ಎನ್ನುತ್ತದೆ ಕ್ವಾಂಟಮ್ ಸಿದ್ಧಾಂತ. ಹಾಕಿಂಗ್ ಲೆಕ್ಕದಲ್ಲಿ ಅದು ಅಳಿಸಿಹೋಗುತ್ತದೆ. ಈ ಜಗಳ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಮಡಕೆ ತಟ್ಟಿ ನೋಡಿದ ಹಾಗೆ

ಈಗ ವಿಶ್ವೇಶ್ವರ ಅವರ ವಿಷಯಕ್ಕೆ ಬರೋಣ. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಅವರು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮಾಡಿದರು. ಆಗ ಕಪ್ಪುಕುಳಿ ಇದೆಯೇ ಎಂಬುದೇ ಪ್ರಶ್ನೆಯಾಗಿತ್ತು. ಸ್ವಲ್ಪ ಅಲುಗಿಸಿದರೆ ಅದು ಚದುರಿಹೋಗುತ್ತದೆಯೇ, ಉಳಿಯುತ್ತದೆಯೇ? ತಿರುಗದ ಕಪ್ಪುಕುಳಿ ಸ್ಥಿರವಾಗಿ ಉಳಿಯುತ್ತದೆ ಎಂದು ವಿಶ್ವೇಶ್ವರ ತೋರಿಸಿದರು.

ಮುಂದಿನ ಪ್ರಶ್ನೆ: ಕಾಣದ ವಸ್ತುವನ್ನು ಗುರುತಿಸುವುದು ಹೇಗೆ? ಮಡಕೆ ಕೊಳ್ಳುವಾಗ ನಾವು ತಟ್ಟಿ ನೋಡುತ್ತೇವೆ. ಗಟ್ಟಿ ಮಡಕೆಯ ದನಿಯೇ ಬೇರೆ, ಬಿರುಕು ಬಿಟ್ಟದ್ದರ ದನಿಯೇ ಬೇರೆ. ವಿಶ್ವೇಶ್ವರ ಹೆಚ್ಚುಕಡಿಮೆ ಇದನ್ನೇ ಮಾಡಿದರು. ಕಂಪ್ಯೂಟರ್ ಲೆಕ್ಕದಲ್ಲಿ ಕಪ್ಪುಕುಳಿಯ ಕಡೆಗೆ ಗುರುತ್ವ ಅಲೆಯೊಂದನ್ನು ಎಸೆದರು. ಪ್ರತಿಯಾಗಿ ಬಂದದ್ದು ಬೇಗ ಕ್ಷೀಣಿಸುತ್ತಾ ಹೋಗುವ ಒಂದು ಕಂಪನ. ಅದರ ಸ್ವರವನ್ನು ನಿರ್ಧರಿಸುವುದು ಕಪ್ಪುಕುಳಿಯ ದ್ರವ್ಯರಾಶಿ, ತಿರುಗುವ ಕಪ್ಪುಕುಳಿಯಾದರೆ ಜೊತೆಗೆ ತಿರುಗುವಿಕೆ. 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಲೇಖನ ಬಂತು. ಈ ಕಂಪನಗಳನ್ನು ಇಂದು ಕ್ವಾಸಿನಾರ್ಮಲ್ ಮೋಡ್ ಎಂದು ಕರೆಯುತ್ತಾರೆ.

ಅವರು ಬಳಿಕ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಅಲ್ಲಿ ಆಕಾಶ ನೋಡಿ ಬೆರಗಾದ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಲೆಕ್ಕದ ವಿಷಯ ಗೊತ್ತಿತ್ತೋ!

45 ವರ್ಷಗಳ ಬಳಿಕ ಸಿಕ್ಕ ದನಿ

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಮೊದಲ ಬಾರಿ ಗುರುತ್ವ ಅಲೆಯನ್ನು ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ 36 ಮತ್ತು 29 ಸೂರ್ಯರಷ್ಟು ಭಾರದ ಎರಡು ಕಪ್ಪುಕುಳಿಗಳು ಒಂದಾಗಿದ್ದವು. ಒಂದಾದ ಮೇಲಿನ ಕೊನೆಯ ಕ್ಷೀಣ ಕಂಪನ ವಿಶ್ವೇಶ್ವರ ಅವರ ಲೆಕ್ಕದಿಂದ ಬೆಳೆದ ಸಿದ್ಧಾಂತಕ್ಕೆ ಹೊಂದುವಂತಿತ್ತು. ಸೆಕೆಂಡಿಗೆ ಸುಮಾರು 250 ಬಾರಿ ಮಿಡಿದು, ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಅದು ಅಡಗಿತು. 2016ರ ಫೆಬ್ರವರಿ 11ರಂದು ಸುದ್ದಿ ಹೊರಬಿದ್ದಾಗ ವಿಶ್ವೇಶ್ವರ ಅವರಿಗೆ 77 ವರ್ಷ. ಒಂದು ವರ್ಷ ತುಂಬುವ ಮೊದಲೇ, 2017ರ ಜನವರಿ 16ರಂದು ಅವರು ತೀರಿಕೊಂಡರು.

2025ರ ಜನವರಿ 14ರಂದು, ಸಂಕ್ರಾಂತಿಯ ದಿನ, ಇನ್ನೂ ಸ್ಪಷ್ಟವಾದ ಸಂಕೇತ ಸಿಕ್ಕಿತು. ಅದರ ಕಂಪನದಲ್ಲಿ ಎರಡು ಸ್ವರಗಳನ್ನು ಬಿಡಿಸಿ ನೋಡಲು ಸಾಧ್ಯವಾಯಿತು. ವಿಲೀನಕ್ಕೆ ಮುಂಚೆ ಎರಡೂ ಕಪ್ಪುಕುಳಿಗಳ ಮೇಲ್ಮೈ ಸೇರಿ ಸುಮಾರು 2.4 ಲಕ್ಷ ಚದರ ಕಿ.ಮೀ. ಇತ್ತು. ಅಂದರೆ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ವಿಲೀನದ ಬಳಿಕ ಅದು ಸುಮಾರು 4 ಲಕ್ಷ ಚದರ ಕಿ.ಮೀ. ಆಯಿತು, ಮಹಾರಾಷ್ಟ್ರಕ್ಕಿಂತ ದೊಡ್ಡದು. ಈ ಮೇಲ್ಮೈ ಎಂದೂ ಕುಗ್ಗದು ಎಂದು ಹಾಕಿಂಗ್ 1971ರಲ್ಲಿ ಹೇಳಿದ್ದು ಹೀಗೆ ತಾಳೆಯಾಯಿತು.

ಇದರಿಂದ ಒಳಗಿನ ವಿಷಯ ತಿಳಿಯುತ್ತದೆಯೇ?

ನೇರವಾಗಿ ಇಲ್ಲ. ಆ ಕಂಪನ ಹುಟ್ಟುವುದು ಗಡಿಯ ಹೊರಗೆ, ಅದರ ಹತ್ತಿರದಲ್ಲಿ. ಆದರೆ ಅದು ಕೆಲವು ಊಹೆಗಳನ್ನು ಸೋಸಬಲ್ಲದು. ಗಡಿಯ ಜಾಗದಲ್ಲಿ ಅಲೆಯನ್ನು ಹಿಂದಕ್ಕೆ ತಳ್ಳುವ ಮೇಲ್ಮೈ ಏನಾದರೂ ಇದ್ದರೆ ಮುಖ್ಯ ಕಂಪನದ ನಂತರ ಪ್ರತಿಧ್ವನಿ ಕೇಳಬೇಕು. ಎಲ್ಲರೂ ಒಪ್ಪುವಂಥ ಪ್ರತಿಧ್ವನಿ ಈವರೆಗೆ ಸಿಕ್ಕಿಲ್ಲ. ಸಿಕ್ಕರೆ ನಮ್ಮ ಪಠ್ಯಪುಸ್ತಕಗಳನ್ನು ತಿದ್ದಬೇಕಾಗುತ್ತದೆ.

ಇದಕ್ಕೆ ಇನ್ನಷ್ಟು ಸೂಕ್ಷ್ಮವಾದ ಕಿವಿಗಳು ಬೇಕು. ಅಂಥ ಒಂದು ಕಿವಿ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಬರಲಿದೆ. ತಲಾ 4 ಕಿ.ಮೀ. ಉದ್ದದ ಎರಡು ತೋಳುಗಳ ಲೈಗೋ-ಇಂಡಿಯಾ ನಿರ್ಮಾಣಕ್ಕೆ ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಸುಮಾರು 2,600 ಕೋಟಿ ರೂ. ವೆಚ್ಚಕ್ಕೆ ಒಪ್ಪಿಗೆ ಕೊಟ್ಟಿದೆ.

ಒಟ್ಟಿನಲ್ಲಿ, ಗಡಿಯ ಹೊರಗಿನ ಕಪ್ಪುಕುಳಿ ಇಂದು ಅಳತೆಗೆ ಸಿಗುವ ವಸ್ತು. ಗಡಿಯಿಂದ ಕೇಂದ್ರದ ಸಮೀಪದವರೆಗಿನದು ಸಿದ್ಧಾಂತದ ಲೆಕ್ಕ. ಕೇಂದ್ರದಲ್ಲಿ ಇರುವುದು ಊಹೆ. ಮುಂದಿನ ಸಲ 'ಕಪ್ಪುಕುಳಿಯ ರಹಸ್ಯ ಬಯಲು' ಎಂಬ ವಿಡಿಯೊ ಬಂದರೆ, ಅದು ಹೇಳುತ್ತಿರುವುದು ಈ ಮೂರರಲ್ಲಿ ಯಾವುದು ಎಂದು ಕೇಳಿಕೊಳ್ಳಿ.